ಐಸ್ ಇಟ್ಟ ಬೇಸಿಗೆ

ಹೋದ ತಿಂಗಳು ನ್ಯಾಮತಿಗೆ ಹೋಗಬೇಕಾಯಿತು. ತಂಗಿಯ ಮೊಮ್ಮಗಳಿಗೆ ಹೆಸರಿಡುವ ಶಾಸ್ತ್ರ. ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ಹೊನ್ನಾಳಿ, ಮತ್ತೆ ಅಲ್ಲಿಂದ ಇನ್ನೊಂದು ಬಸ್ಸು. ಇಳಿಯುವ ಹೊತ್ತಿಗೆ ಸೊಂಟ ಹಿಡಿದುಕೊಂಡಿತ್ತು. ಸ್ವಲ್ಪ ಹೊತ್ತು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ. ಪಕ್ಕದ ಖಾನಾವಳಿಯಲ್ಲಿ ಯಾರೋ ಜೋಳದ ರೊಟ್ಟಿ ಬೇಯಿಸುತ್ತಿದ್ದರು. ಹಂಚಿಗೆ ಹಾಕಿದ ರೊಟ್ಟಿಯ ಮೇಲೆ ನೀರಿನ ಬಟ್ಟೆ ಆಡಿಸಿದಾಗ ಏಳುತ್ತದಲ್ಲ, ಆ ಹಬೆಯ ವಾಸನೆ ಬಂತು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ, ಹಸಿವಾಗಬೇಕಾದ ಹೊತ್ತು. ನಾನು ಮಾತ್ರ ಅಲ್ಲಿ ಕೂರಲಾರದೆ ಎದ್ದುಬಿಟ್ಟೆ.

ಆ ಊರಿನಲ್ಲಿ ರೊಟ್ಟಿ ಬಡಿದು ಬದುಕುತ್ತಿದ್ದ ಒಬ್ಬ ಹೆಣ್ಣುಮಗಳಿಗೆ ನಾನು ಅನ್ಯಾಯ ಮಾಡಿದ್ದೇನೆ. ಅದು ಒಂದು ಬೇಸಿಗೆಯ ಮಾತು. ನ್ಯಾಮತಿ ಹೊಸದಾಗಿ ತಾಲೂಕಾಗಿ, ಅಂಗಡಿಯವರು ಬೋರ್ಡು ಬದಲಿಸಿಕೊಳ್ಳುತ್ತಿದ್ದ ಕಾಲ. ಇಷ್ಟು ವರ್ಷ ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಹೇಳದೆ ಇಟ್ಟುಕೊಂಡು ಇಟ್ಟುಕೊಂಡು ಸಾಕಾಗಿಹೋಗಿದೆ. ಈಗ ಬರೆಯುತ್ತಿದ್ದೇನೆ.

ನಾನು ಆರೋಗ್ಯ ಇಲಾಖೆಯಲ್ಲಿ ಲಸಿಕೆ ಹೊತ್ತವನು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಡಿ ದರ್ಜೆಯ ಕೆಲಸ ಸಿಕ್ಕಿತು. ಜಗಳೂರಿನ ಸುತ್ತಿನ ಹಳ್ಳಿಗಳಿಗೆ ಸೈಕಲ್ಲಿನಲ್ಲಿ, ಬಸ್ಸಿನಲ್ಲಿ, ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರಿನ ಮೇಲೆ ಲಸಿಕೆಯ ನೀಲಿ ಐಸ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹೋಗುವುದೇ ನನ್ನ ಸರ್ವಿಸು. ಜನ ನನ್ನನ್ನು ಪೋಲಿಯೊ ತಿಪ್ಪೇಸಣ್ಣ ಅನ್ನುತ್ತಿದ್ದರು. ಸೇರಿದ ಹೊಸದರಲ್ಲಿ ಒಮ್ಮೆ ಬಸ್ಸು ಕೆಟ್ಟು ನಿಂತು, ಡಬ್ಬಿಯೊಳಗಿನ ಐಸ್ ಕರಗಿಹೋಯಿತು. ಆಗಿನ ಡಾಕ್ಟರು ಲಸಿಕೆಯನ್ನೆಲ್ಲ ನನ್ನ ಕಣ್ಣೆದುರೇ ಚೆಲ್ಲಿಸಿದರು. ಮಕ್ಕಳನ್ನು ಎತ್ತಿಕೊಂಡು ಬಿಸಿಲಲ್ಲಿ ಕಾದಿದ್ದ ತಾಯಂದಿರ ಮುಂದೆ ನನ್ನನ್ನು ನಿಲ್ಲಿಸಿ, ಇವನಿಂದಾಗಿ ಇವತ್ತು ನಿಮ್ಮ ಮಕ್ಕಳಿಗೆ ಸೂಜಿ ಇಲ್ಲ, ಮನೆಗೆ ಹೋಗಿ ಎಂದರು. ಆ ನಾಚಿಕೆ ಮೂಳೆಗೆ ಇಳಿಯಿತು. ಅವತ್ತಿನಿಂದ ನಿವೃತ್ತಿಯಾಗುವವರೆಗೆ ನನ್ನ ಡಬ್ಬಿಯಲ್ಲಿ ಐಸ್ ಕರಗಲಿಲ್ಲ. ಬಸ್ಸು ತಡವಾದರೆ ಕಬ್ಬಿನಹಾಲಿನ ಅಂಗಡಿಗೆ ಓಡುತ್ತಿದ್ದೆ. ಸೋಡಾ ಅಂಗಡಿಯವನಿಗೆ ಕೈಮುಗಿಯುತ್ತಿದ್ದೆ. ನನಗೆ ದೇವರ ಮೇಲಿನ ಭಕ್ತಿ ಸಾಧಾರಣ. ಐಸಿನ ಮೇಲೆ ಮಾತ್ರ ಬಹಳ ಇತ್ತು.

ನಿವೃತ್ತನಾದ ಮೇಲೆ ದಾವಣಗೆರೆಯ ಒಂದು ಆಸ್ಪತ್ರೆಯಿಂದ ಕರೆ ಬಂತು. ಅಲ್ಲಿ ಶೈಲಜಾ ಮೇಡಂ ಅಂತ ಒಬ್ಬ ಡಾಕ್ಟರು, ಕೀಲು ಊದಿ ಬೆರಳು ಸೊಟ್ಟಗಾಗುವ ಕಾಯಿಲೆಯ ಮೇಲೆ ಸಂಶೋಧನೆ ಮಾಡುತ್ತಿದ್ದರು. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ರೋಗಿಗಳ ರಕ್ತ ಅವರಿಗೆ ಬೇಕಿತ್ತು. ರಕ್ತ ತೆಗೆಯಲು ಅಲ್ಲಲ್ಲಿ ಸಿಸ್ಟರುಗಳಿದ್ದರು. ಅದನ್ನು ಸಂಜೆಯೊಳಗೆ ಲ್ಯಾಬಿಗೆ ತಂದು ಮುಟ್ಟಿಸಲು ಬಸ್ಸಿನ ವೇಳೆ ಗೊತ್ತಿದ್ದ, ನಂಬಿಕೆಯ ಮನುಷ್ಯ ಬೇಕಾಗಿದ್ದ. ಯಾರೋ ನನ್ನ ಹೆಸರು ಹೇಳಿದ್ದರು.

ಮೊದಲ ದಿನ ಮೇಡಂ ನನ್ನನ್ನು ಎದುರಿಗೆ ಕೂರಿಸಿ, ಟೀ ತರಿಸಿ, ಕೆಲಸ ಏನೆಂದು ವಿವರಿಸಿದರು. ಅಷ್ಟು ದೊಡ್ಡವರು ನನಗೆ ಹಾಗೆ ಕೂತು ಹೇಳಿದ್ದು ಅದೇ ಮೊದಲು. ನಮ್ಮ ಮೈಯಲ್ಲಿ ಚರ್ಮ, ಮಾಂಸ, ಮೂಳೆಗಳನ್ನು ಒಂದಕ್ಕೊಂದು ಹಿಡಿದಿಡುವ ನೇಯ್ಗೆಯೊಂದಿದೆ, ಅದಕ್ಕೆ ಸಂಯೋಜಕ ಅಂಗಾಂಶ ಅನ್ನುತ್ತೇವೆ ಎಂದರು. ಅದರಲ್ಲಿ ಕೊಲಾಜೆನ್, ಫೈಬ್ರೊನೆಕ್ಟಿನ್ ಅನ್ನುವ ಪ್ರೋಟೀನುಗಳು ನೂಲಿನ ಹಾಗೆ ಹರಡಿಕೊಂಡಿರುತ್ತವಂತೆ. ರಕ್ತದ ಬಿಳಿ ಕಣಗಳು ಮೈಯ ಕಾವಲಿನವು. ಅವು ರಕ್ತನಾಳ ದಾಟಿ ಹೊರಗೆ ಬಂದಾಗ ಈ ನೂಲನ್ನು ಹಿಡಿದು ಹಿಡಿದೇ ಮುಂದೆ ಹೋಗುತ್ತವೆ. ಹಿಡಿಯಲು ಅವುಗಳ ಮೈಮೇಲೆ ಕೊಕ್ಕೆಯಂಥವು ಇವೆ, ಗ್ರಾಹಕ ಎಂದು ಅವಕ್ಕೆ ಹೆಸರು. ಕೊಲಾಜೆನ್ ಹಿಡಿಯಲು ಒಂದು ಬಗೆ, ಫೈಬ್ರೊನೆಕ್ಟಿನ್ ಹಿಡಿಯಲು ಇನ್ನೊಂದು ಬಗೆ. ನನಗೆ ತಟ್ಟನೆ ಉತ್ತರಾಣಿ ನೆನಪಾಯಿತು. ನಮ್ಮ ಕಡೆ ಕುರಿಯ ಉಣ್ಣೆಗೆ, ಹೆಂಗಸರ ಸೀರೆಯ ಅಂಚಿಗೆ ಅಂಟಿಕೊಂಡು ಬರುತ್ತದಲ್ಲ, ಆ ಬೀಜ. ಹಾಗೇನಾ ಮೇಡಂ ಎಂದೆ. ಅವರು ನಕ್ಕು, ಹಾಗೇ ಅಂದುಕೊಳ್ಳಿ, ಆದರೆ ಉತ್ತರಾಣಿ ಒಮ್ಮೆ ಹಿಡಿದರೆ ತಾನಾಗಿ ಬಿಡುವುದಿಲ್ಲ, ಇವು ಹಿಡಿಯಬೇಕು, ಕೆಲಸ ಮುಗಿದ ಮೇಲೆ ಬಿಡಬೇಕು ಎಂದರು. ಗಾಯ ಮಾಯಲು ಈ ಹಿಡಿತ ಬೇಕೇ ಬೇಕು. ಆದರೆ ಕೀಲಿನ ರೋಗದವರಲ್ಲಿ ಕಾವಲಿಗೆ ಬಂದ ಕಣಗಳು ಬಿಡದೆ ಅಲ್ಲೇ ಕೂತು, ಮನೆಯನ್ನೇ ಕೆಡವಲು ಶುರುಮಾಡುತ್ತವೆ.

ಆ ಹಿಡಿತ ಸಡಿಲಿಸುವ ಒಂದು ಹೊಸ ಔಷಧಿಯನ್ನು ಕೆಲವರಿಗೆ ಕೊಟ್ಟು ನೋಡುವುದಿತ್ತು. ಯಾರ ಕಣಗಳು ಬಲವಾಗಿ ಹಿಡಿಯುತ್ತವೋ ಅವರಿಗೆ ಮಾತ್ರ. ಸರಿಯಾಗಿ ಹಿಡಿಯದ ಕಣಗಳಿರುವವರಿಗೆ ಅದನ್ನು ಕೊಟ್ಟರೆ ಪ್ರಯೋಜನವಿಲ್ಲ, ಅಪಾಯವೇ ಆದೀತು. ಅದಕ್ಕೇ ಪ್ರತಿಯೊಬ್ಬರ ರಕ್ತವನ್ನೂ ಮೊದಲು ಪರೀಕ್ಷೆ ಮಾಡಬೇಕು. ಇಷ್ಟು ಹೇಳಿ, ನನ್ನ ಡಬ್ಬಿಯ ಕಡೆ ನೋಡಿ, ಮೇಡಂ ಒಂದು ಮಾತನ್ನು ಒತ್ತಿ ಹೇಳಿದರು.

“ಐಸ್ ಮಾತ್ರ ಇಡಬೇಡಿ ತಿಪ್ಪೇಸ್ವಾಮಿಯವರೆ. ಇದು ಲಸಿಕೆ ಅಲ್ಲ, ಜೀವ ಇರೋ ಕಣಗಳು. ತಣ್ಣಗಾದ್ರೆ ಹಿಡಿಯೋದನ್ನ ಬಿಟ್ಟುಬಿಡ್ತವೆ. ಬಿಸಿಲು ತಾಗದಂಗೆ ತನ್ನಿ, ಅಷ್ಟು ಸಾಕು.”

ಆಗಲಿ ಮೇಡಂ ಎಂದೆ. ಚಳಿಗಾಲ ಮುಗಿಯುವವರೆಗೆ ಹಾಗೆಯೇ ತಂದೆ ಕೂಡ.

ರತ್ನಮ್ಮನ ಮನೆ ನ್ಯಾಮತಿಯಲ್ಲಿ ಗೋವಿನಕೋವಿಗೆ ಹೋಗುವ ಕಡೆಗಿತ್ತು. ನಲವತ್ತು ದಾಟಿದ ಹೆಂಗಸು. ಗಂಡ ಮಂಜಪ್ಪ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ರೊಟ್ಟಿ ಬಡಿದುಕೊಡುವುದು ಆಕೆಯ ಕೆಲಸ. ರೊಟ್ಟಿ ಎಂದರೆ ರತ್ನಮ್ಮನದೇ ಆಗಬೇಕು ಎಂದು ಹೇಳಿ ತರಿಸುವವರಿದ್ದರು. ನಾನು ಹೋಗುವ ಹೊತ್ತಿಗಾಗಲೇ ಆಕೆಯ ಎರಡೂ ಕೈಗಳ ಗೆಣ್ಣು ಊದಿಕೊಂಡಿದ್ದವು. ಬೆಳಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಅಂಗಳಕ್ಕೆ ಬಿಸಿಲು ಬರುವವರೆಗೆ ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಕೂತಿದ್ದು, ಆಮೇಲೆ ಹಿಟ್ಟು ನಾದಿ ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಮುಂದೆ ಕೂರುವುದು. ಹಲ್ಲು ಕಚ್ಚಿಕೊಂಡು ಬಡಿಯುತ್ತಿದ್ದರು.

ಆ ಮನೆಯಲ್ಲಿ ಮಾತೆಲ್ಲ ಅತ್ತೆ ಹಾಲಮ್ಮನದು. ಎಂಬತ್ತರ ಹತ್ತಿರದ ಮುದುಕಿ. ನಾನು ಬಾಗಿಲಿಗೆ ಬರುವಾಗಲೇ ಶುರುಮಾಡುತ್ತಿದ್ದರು.

“ಏನೋ ಪೋಲಿಯೊ, ಮತ್ತೆ ಬಂದ್ಯಾ? ನಮ್ಮ ಸೊಸಿ ಮೈಯಾಗೆ ಇನ್ನೂ ರಕ್ತ ಉಳದೈತೇನು ನೋಡಾಕೆ?”

ಸೊಸೆಗೂ ಬೈಗುಳ ತಪ್ಪುತ್ತಿರಲಿಲ್ಲ. ನನ್ನ ಕಾಲದಾಗೆ ಒಂದು ಕೈಯಾಗೆ ಕೂಸು, ಒಂದು ಕೈಯಾಗೆ ರೊಟ್ಟಿ ಎಂದು ಶುರುವಾದರೆ ನಿಲ್ಲುತ್ತಿರಲಿಲ್ಲ. ಆದರೆ ಸಿಸ್ಟರು ಸೂಜಿ ಚುಚ್ಚುವಾಗ ಸೊಸೆಯ ಇನ್ನೊಂದು ಕೈಯನ್ನು ತಾವೇ ಹಿಡಿದುಕೊಂಡು, ಮುಖ ಆ ಕಡೆ ತಿರುಗಿಸಿ ಕೂರುತ್ತಿದ್ದವರೂ ಹಾಲಮ್ಮನೇ. ನಾನು ಹೊರಡುವಾಗ ಎರಡು ರೊಟ್ಟಿ, ಶೇಂಗಾ ಚಟ್ನಿಪುಡಿ ಕಾಗದದಲ್ಲಿ ಸುತ್ತಿ ಡಬ್ಬಿಯ ಮೇಲೆ ಇಡುತ್ತಿದ್ದರು. ಬಸ್ಸಿನಾಗೆ ತಿನ್ನು, ರಕ್ತ ಕುಡಿಯೋನಿಗೆ ಉಪ್ಪು ಖಾರನೂ ಬೇಕಲ್ಲ ಅನ್ನುತ್ತಿದ್ದರು.

ಮೊದಲು ಒಂದೆರಡು ಸಲ ಆಕೆಯ ರಕ್ತ ತೆಗೆದದ್ದು ಬೇರೆ ಪರೀಕ್ಷೆಗಳಿಗೆ. ಕಾಯಿಲೆ ಇಂಥದ್ದೇ ಎಂದು ಖಾತ್ರಿ ಮಾಡಿಕೊಳ್ಳಲು. ಖಾತ್ರಿಯಾಯಿತು. ಇನ್ನು ಉಳಿದದ್ದು ಕಣಗಳ ಹಿಡಿತದ ಪರೀಕ್ಷೆ. ಅದು ಏಪ್ರಿಲ್‌ಗೆ ಬಂತು. ಇದರಾಗೆ ಪಾಸಾದ್ರೆ ಔಷಧಿ ಕೊಡ್ತಾರಂತೆ ಅಲ್ರೀ ಅಣ್ಣಾರೆ ಎಂದು ರತ್ನಮ್ಮ ಕೇಳಿದರು. ಹೂಂ ತಂಗಿ ಎಂದೆ. ಶ್ರಾವಣದಾಗೆ ಮದುವಿ ರೊಟ್ಟಿ ಬಹಳ ಬರ್ತಾವೆ, ಅಷ್ಟೊತ್ತಿಗೆ ಕೈ ಬಂದ್ರೆ ಸಾಕು ಎಂದು ಅವರು ತಮಗೆ ತಾವೇ ಹೇಳಿಕೊಂಡರು.

ಆ ವರ್ಷದ ಬಿಸಿಲು ನನಗೆ ಈಗಲೂ ಕಣ್ಣು ಕತ್ತಲೆ ಬರಿಸುತ್ತದೆ. ಜಗಳೂರಿನ ಕಡೆ ನೆಲ ಕಾದು, ಬಸ್ಸಿನ ಸೀಟು ಮುಟ್ಟಿದರೆ ಕೈ ಸುಡುತ್ತಿತ್ತು. ಒಂದು ದಿನ ಜಗಳೂರಿನಿಂದ ರಕ್ತ ತರುವಾಗ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಡಬ್ಬಿಯನ್ನು ಎದೆಗೆ ಅವುಚಿಕೊಂಡಿದ್ದೆ. ಮುಚ್ಚಳ ತೆಗೆದು ಕೈ ಇಟ್ಟರೆ ಒಳಗೆ ಬೆಚ್ಚಗಿತ್ತು. ಆ ಬೆಚ್ಚಗಿನದು ನನ್ನನ್ನು ಹೆದರಿಸಿತು. ಹಿಂದೆ ಲಸಿಕೆ ಚೆಲ್ಲಿಸಿದ ಡಾಕ್ಟರ ಮುಖ, ಆ ತಾಯಂದಿರು, ಎಲ್ಲ ಬಂದು ಎದುರಿಗೆ ನಿಂತಂತಾಯಿತು. ಮೇಡಂ ಓದಿದವರು ನಿಜ, ಆದರೆ ಅವರು ಏಪ್ರಿಲ್ ತಿಂಗಳಲ್ಲಿ ಜಗಳೂರು ಬಸ್ಸು ಹತ್ತಿದವರಲ್ಲ ಎಂದುಕೊಂಡೆ. ತಣ್ಣಗಿದ್ದರೆ ಯಾವ ಔಷಧಿ ಕೆಟ್ಟಿದೆ? ನಾನು ಕಂಡಿದ್ದೆಲ್ಲ ಬಿಸಿಗೆ ಕೆಟ್ಟದ್ದೇ. ದಾರಿಯಲ್ಲಿ ಇಳಿದು ಕಬ್ಬಿನಹಾಲಿನ ಅಂಗಡಿಯಲ್ಲಿ ಐಸ್ ಕೇಳಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ರಕ್ತದ ನಳಿಕೆಗಳ ಸುತ್ತ ಒತ್ತಾಗಿ ಇಟ್ಟೆ. ಮುಚ್ಚಳ ಹಾಕಿದ ಮೇಲೆ ಸಮಾಧಾನವಾಯಿತು. ಆಸ್ಪತ್ರೆ ಮುಟ್ಟುವ ಮೊದಲು ಐಸನ್ನು ಚರಂಡಿಗೆ ಚೆಲ್ಲಿ, ಡಬ್ಬಿ ಒರೆಸಿ, ಏನೂ ಆಗದವನಂತೆ ಒಳಗೆ ಹೋದೆ. ಒರೆಸಿದ್ದು ಯಾಕೆ ಎಂದು ಆಮೇಲೆ ಬಹಳ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ತಪ್ಪು ಎಂದು ಒಳಗೆ ಗೊತ್ತಿದ್ದವನು ಮಾತ್ರ ಒರೆಸುತ್ತಾನೆ.

ಆ ಬೇಸಿಗೆ ಪೂರ್ತಿ ಹಾಗೇ ಮಾಡಿದೆ. ರತ್ನಮ್ಮನ ರಕ್ತವನ್ನೂ ಹಾಗೆಯೇ ತಂದೆ. ನ್ಯಾಮತಿಯ ಸ್ಟ್ಯಾಂಡಿನಲ್ಲಿ ಐಸ್ ಸಿಗದೆ, ಹೊನ್ನಾಳಿಯಲ್ಲಿ ಇಳಿದು ಹುಡುಕಿದೆ. ಒಳ್ಳೆಯ ಹೆಣ್ಣುಮಗಳ ರಕ್ತ, ಕೆಡಬಾರದು ಎಂದು ಉಳಿದವರದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಐಸ್ ಇಟ್ಟೆ. ಹಾಲಮ್ಮ ಕೊಟ್ಟ ರೊಟ್ಟಿ ತಿಂದು, ಕೈ ಒರೆಸಿಕೊಂಡು, ಐಸ್ ಇಟ್ಟೆ.

ಬೇಸಿಗೆ ಮುಗಿಯುತ್ತ ಬಂದಾಗ ಮೇಡಂ ನನ್ನನ್ನು ಲ್ಯಾಬಿನ ಒಳಗೆ ಕರೆದರು. ಅಲ್ಲಿ ಅಂಗೈ ಅಗಲದ ಒಂದು ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಸಣ್ಣ ಸಣ್ಣ ಗುಂಡಿ. ಗುಂಡಿಗಳ ತಳಕ್ಕೆ ಆ ಕೊಲಾಜೆನ್, ಫೈಬ್ರೊನೆಕ್ಟಿನ್ ಬಳಿದಿರುತ್ತಾರೆ. ಮೇಲೆ ರೋಗಿಯ ಬಿಳಿ ಕಣಗಳನ್ನು ಬಿಟ್ಟು, ಮೈಯಷ್ಟೇ ಬೆಚ್ಚಗಿಟ್ಟು, ಆಮೇಲೆ ಮೆಲ್ಲಗೆ ತೊಳೆಯುತ್ತಾರೆ. ಹಿಡಿದುಕೊಂಡವು ಉಳಿಯುತ್ತವೆ, ಹಿಡಿಯದವು ನೀರಿನ ಜೊತೆ ಹೋಗುತ್ತವೆ. ಮೇಡಂ ನನಗೆ ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿದರು. ಮೊದಲನೆಯದು ಹೋಲಿಸಿ ನೋಡಲು ಇಟ್ಟ ಮೇಡಂ ಅವರದೇ ರಕ್ತದ್ದು. ನೆಲದ ಮೇಲೆ ಕಾಲು ಚಾಚಿ ಕೂತವರ ಹಾಗೆ ಕಣಗಳು ಚಪ್ಪಟೆಯಾಗಿ ಹರಡಿಕೊಂಡಿದ್ದವು. ಇನ್ನೊಂದರಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಗುಂಡಗಿನ ಚುಕ್ಕೆ, ಅಷ್ಟೇ.

ಇದು ರತ್ನಮ್ಮನವರದು ಎಂದರು ಮೇಡಂ. ಅವರ ಕೈ ನೋಡಿದರೆ ಹೀಗಿರಬಾರದಿತ್ತು, ನನಗೆ ಅರ್ಥವಾಗುತ್ತಿಲ್ಲ ಎಂದರು. ಆಮೇಲೆ ಕನ್ನಡಕ ತೆಗೆದು, ನನ್ನ ಮುಖ ನೋಡಿ, ಬಹಳ ಮೆತ್ತಗೆ ಕೇಳಿದರು.

“ದಾರಿಯಲ್ಲಿ ಏನಾದ್ರೂ ತಣ್ಣಗಾಯ್ತಾ ತಿಪ್ಪೇಸ್ವಾಮಿಯವರೆ? ಆಗಿದ್ರೆ ಹೇಳಿ, ಪರವಾಗಿಲ್ಲ. ಇನ್ನೊಂದು ಸಲ ರಕ್ತ ತಗೊಂಡ್ರಾಯ್ತು.”

ಇಷ್ಟು ವರ್ಷಗಳಲ್ಲಿ ನಾನು ಆ ಪ್ರಶ್ನೆಗೆ ಎಷ್ಟೋ ಬಗೆಯಲ್ಲಿ ಸರಿಯಾದ ಉತ್ತರ ಕೊಟ್ಟಿದ್ದೇನೆ, ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ನಿದ್ದೆ ಬರದಾಗ. ಅವತ್ತು ಮಾತ್ರ ಕೊಡಲಿಲ್ಲ. ಅವರು ಗದರಿಸಿ ಕೇಳಿದ್ದರೆ ಬಾಯಿಬಿಡುತ್ತಿದ್ದೆನೋ ಏನೋ. ಎದುರಿಗೆ ಕೂರಿಸಿ ಟೀ ಕೊಟ್ಟವರು ಅಷ್ಟು ಮರ್ಯಾದೆಯಿಂದ ಕೇಳಿದಾಗ, ಆ ಮರ್ಯಾದೆ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

“ಇಲ್ಲ ಮೇಡಂ. ನೀವು ಹೇಳಿದಂಗೇ ತಂದೀನಿ.”

ಅವರು ನಂಬಿದರು. ನಂಬಿಕೆಯ ಮನುಷ್ಯ ಎಂದೇ ನನ್ನನ್ನು ಕರೆಸಿಕೊಂಡಿದ್ದರಲ್ಲ. ರತ್ನಮ್ಮನ ಹೆಸರು ಔಷಧಿ ಕೊಡುವವರ ಸಾಲಿಗೆ ಸೇರಲಿಲ್ಲ. ಅವತ್ತಿನಿಂದ ಐಸ್ ಇಡುವುದನ್ನು ನಿಲ್ಲಿಸಿದೆ. ಆಮೇಲೆ ತಂದ ರಕ್ತದ ಕಣಗಳೆಲ್ಲ ಚೆನ್ನಾಗಿ ಹಿಡಿದವು. ಅದನ್ನು ನೋಡಿ ಮೇಡಂಗೆ ಇನ್ನೊಂದು ಯೋಚನೆ ಬಂತು. ಈ ಸೀಮೆಯ ಬೇಸಿಗೆಯ ಕಾವಿಗೆ ಜನರ ಬಿಳಿ ಕಣಗಳ ಹಿಡಿತವೇ ಕಡಿಮೆಯಾಗುತ್ತದೋ ಏನೋ, ಇದನ್ನು ಯಾರೂ ಗಮನಿಸಿಲ್ಲ ಎಂದು ಉಳಿದ ಡಾಕ್ಟರುಗಳ ಹತ್ತಿರ ಉತ್ಸಾಹದಿಂದ ಹೇಳುತ್ತಿದ್ದರು. ನಾನು ಬಾಗಿಲ ಹತ್ತಿರ ಖಾಲಿ ಡಬ್ಬಿ ಹಿಡಿದು ನಿಂತಿರುತ್ತಿದ್ದೆ.

ರತ್ನಮ್ಮನಿಗೆ ಸುದ್ದಿ ಮುಟ್ಟಿಸಲು ಮೇಡಂ ನನ್ನನ್ನೇ ಕಳಿಸಿದರು. ಫೋನಿನಲ್ಲಿ ಹೇಳಿದರೆ ನೊಂದುಕೊಳ್ಳುತ್ತಾರೆ, ನಿಮ್ಮನ್ನು ಕಂಡರೆ ಅವರಿಗೆ ವಿಶ್ವಾಸ, ನೀವೇ ಸಮಾಧಾನವಾಗಿ ಹೇಳಿ ಬನ್ನಿ ಎಂದರು. ಹೋದೆ. ಮಳೆ ಹಿಡಿಯುವ ಸೂಚನೆಯಿತ್ತು, ಅಂಗಳದಲ್ಲಿ ಗಾಳಿ ಎದ್ದಿತ್ತು. ನಿಮ್ಮ ರಕ್ತಕ್ಕೆ ಆ ಔಷಧಿ ಹೊಂದುವುದಿಲ್ಲವಂತೆ, ನಿಮ್ಮ ಕಣಗಳು ಅಷ್ಟು ಹಿಡಿಯುವುದಿಲ್ಲವಂತೆ ಎಂದು ಹೇಳಿದೆ.

“ಹಿಡಿಯಲ್ಲ ಅಂದ್ರೆ?” ಎಂದರು ಹಾಲಮ್ಮ. “ನಮ್ಮ ಸೊಸಿ ನಾಲಿಗಿ ಎಲ್ಲಾರನ್ನೂ ಹಿಡಕಂತೈತೆ, ರಕ್ತ ಅಷ್ಟು ಸಾಧುವೇನಪ್ಪಾ?”

ಯಾರೂ ನಗಲಿಲ್ಲ. ಹಾಲಮ್ಮನೂ ನಗಲಿಲ್ಲ. ರತ್ನಮ್ಮ ತಮ್ಮ ಬೆರಳುಗಳನ್ನೇ ನೋಡುತ್ತ, “ಹಂಗಾದ್ರೆ ಇದು ಆ ರೋಗ ಅಲ್ಲೇನ್ರಿ ಅಣ್ಣಾರೆ? ಮತ್ತೆ ಯಾಕೆ ಹಿಂಗೆ ನೋಯ್ತೈತೆ?” ಎಂದು ಕೇಳಿದರು. ನನಗೆ ಗೊತ್ತಿಲ್ಲ ತಂಗಿ ಎಂದೆ. ಗೊತ್ತಿತ್ತು.

ನಾನು ಅಂದುಕೊಂಡಿದ್ದು, ಹೋದರೆ ಹೊಸ ಔಷಧಿ ಹೋಯಿತು, ದಾವಣಗೆರೆಯಿಂದ ತರುತ್ತಿದ್ದ ಮೊದಲಿನ ಗುಳಿಗೆ ಇದ್ದೇ ಇದೆ ಎಂದು. ಆದದ್ದು ಬೇರೆ. ಪರೀಕ್ಷೆಯಲ್ಲಿ ಏನೂ ಬರಲಿಲ್ಲ ಎಂಬ ಮಾತು ಆ ಬೀದಿಯಲ್ಲಿ ಹರಡಿತು. ಎದುರು ಮನೆಯವರು, ರೊಟ್ಟಿ ಬಡಿಯಲು ಬೇಸರವಾದರೆ ಹಾಗಂತ ಹೇಳಬಾರದೇ, ರೋಗದ ನಾಟಕ ಯಾಕೆ ಎಂದು ಮಾತಾಡಿಕೊಂಡರಂತೆ. ಮಂಜಪ್ಪ ಕೆಟ್ಟವನಲ್ಲ. ಆದರೂ ಅವನು ಕೂಡ, ದೊಡ್ಡ ಆಸ್ಪತ್ರೆಯವರೇ ಇಲ್ಲ ಅಂದ ಮೇಲೆ ಇನ್ನೇನು ಎಂದು ಹೆಂಡತಿಯನ್ನು ದಾವಣಗೆರೆಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟ. ಗುಳಿಗೆಯೂ ನಿಂತಿತು. ಶ್ರಾವಣದಲ್ಲಿ ನಾನು ಆ ದಾರಿಯಲ್ಲಿ ಬೇರೊಬ್ಬರ ರಕ್ತ ತರಲು ಹೋದಾಗ, ರೊಟ್ಟಿ ಬಡಿಯುವ ಸದ್ದು ಕೇಳಿ, ಸದ್ಯ ಎಂದುಕೊಂಡು ಒಳಗೆ ಇಣುಕಿದೆ. ಕೊಣಮಿಗೆಯ ಮುಂದೆ ಕೂತಿದ್ದವರು ಹಾಲಮ್ಮ. ಆ ವಯಸ್ಸಿನಲ್ಲಿ, ಒಲೆಯ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ಬೆವರುತ್ತ ಬಡಿಯುತ್ತಿದ್ದರು. ರತ್ನಮ್ಮ ಪಕ್ಕದಲ್ಲಿ ಕೂತು, ಮೊಣಕೈಯಿಂದ ಹಿಟ್ಟಿನ ಡಬ್ಬಿ ಅವರ ಕಡೆ ಸರಿಸುತ್ತಿದ್ದರು. ನಾನು ಮಾತಾಡಿಸದೆ ಬಂದುಬಿಟ್ಟೆ. ಕೆಲಸ ಮುಗಿದು, ಮೇಡಂ ಬೇರೆ ಸಂಶೋಧನೆಗೆ ಕೈ ಹಾಕಿದ ಮೇಲೆ ಆ ಕಡೆ ಹೋಗಲೇ ಇಲ್ಲ.

ಆ ಔಷಧಿ ಕೊಟ್ಟವರಲ್ಲಿ ಕೆಲವರಿಗೆ ಗುಣ ಕಂಡಿತು, ಕೆಲವರಿಗೆ ಇಲ್ಲ ಎಂದು ಆಮೇಲೆ ತಿಳಿಯಿತು. ಅದನ್ನೇ ಹಿಡಿದುಕೊಂಡು ಬಹಳ ದಿನ ಸಮಾಧಾನ ಮಾಡಿಕೊಂಡೆ. ರತ್ನಮ್ಮನಿಗೆ ಗುಣವಾಗುತ್ತಿತ್ತು ಎಂದು ಯಾರು ಹೇಳಬಲ್ಲರು ಎಂದುಕೊಂಡೆ. ಆದರೆ ಆಗುತ್ತಿರಲಿಲ್ಲ ಎಂದೂ ಯಾರು ಹೇಳಬಲ್ಲರು. ಈ ಎರಡು ಮಾತಿನ ನಡುವೆ ತಿರುಗಿ ತಿರುಗಿ ದಣಿದೆ.

ಹೋದ ತಿಂಗಳು ಹೆಸರಿಡುವ ಶಾಸ್ತ್ರ ಮುಗಿಸಿ, ಊಟಕ್ಕೆ ನಿಲ್ಲದೆ, ನಡೆದುಕೊಂಡು ಆ ಮನೆಗೆ ಹೋದೆ. ಇವತ್ತು ಹೇಳದಿದ್ದರೆ ಹೇಳದೆಯೇ ಸಾಯುತ್ತೇನೆ ಎಂದು ಅನ್ನಿಸಿತ್ತು. ಪಡಸಾಲೆಯಲ್ಲಿ ಒಂದು ರೊಟ್ಟಿ ಮಾಡುವ ಮಿಷಿನ್ ಇತ್ತು, ಅದರ ಮೇಲೆ ಬಟ್ಟೆ ಮುಚ್ಚಿತ್ತು. ರತ್ನಮ್ಮ ಗೋಡೆಗೆ ಒರಗಿ ಕೂತಿದ್ದರು. ಕೈ ಬೆರಳುಗಳೆಲ್ಲ ಒಂದೇ ಕಡೆಗೆ ವಾಲಿಕೊಂಡಿದ್ದವು. ಹಾಲಮ್ಮ ಇನ್ನೂ ಇದ್ದರು, ಮಂಚದ ಮೇಲೆ. ಕಿವಿ ಬಹುಪಾಲು ಹೋಗಿತ್ತು, ಕಣ್ಣು ಚುರುಕಾಗಿಯೇ ಇತ್ತು. ನನ್ನನ್ನು ನೋಡಿ, ಪೋಲಿಯೊ ಬಂದ, ಮುದುಕ ಆಗ್ಯಾನೆ ಎಂದರು. ರತ್ನಮ್ಮ ನೀರು ತರಲು ಏಳಹೋದರು. ಬೇಡ ತಂಗಿ, ಕೂತುಕೋ, ಒಂದು ಮಾತು ಹೇಳಿ ಹೋಗುತ್ತೇನೆ ಎಂದೆ. ನೆಲ ನೋಡಿಕೊಂಡು ಎಲ್ಲ ಹೇಳಿದೆ. ಮೇಡಂ ಬೇಡ ಎಂದದ್ದು, ನಾನು ಐಸ್ ಇಟ್ಟದ್ದು, ಅದರಿಂದ ಕಣಗಳ ಹಿಡಿತ ಹೋದದ್ದು, ಮೇಡಂ ಕೇಳಿದಾಗ ಸುಳ್ಳು ಹೇಳಿದ್ದು.

ರತ್ನಮ್ಮ ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡರು. ಹಾಲಮ್ಮ ನಮ್ಮಿಬ್ಬರ ಮುಖ ನೋಡಿ, ಏನಂತೆ, ಏನಂತೆ ಇವನದು ಎಂದು ಕೇಳತೊಡಗಿದರು.

“ನೀವೇ ಹೇಳ್ರಿ ಅವರಿಗೆ,” ಎಂದರು ರತ್ನಮ್ಮ.

ನಾನು ಮಂಚದ ಹತ್ತಿರ ಹೋಗಿ ಬಗ್ಗಿ ಹೇಳಿದೆ. ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ.

“ಗಟ್ಟಿಯಾಗಿ ಹೇಳ್ರಿ ಅಣ್ಣಾರೆ,” ಎಂದರು ರತ್ನಮ್ಮ ಹಿಂದಿನಿಂದ. ದನಿ ಏರಿರಲಿಲ್ಲ. “ಬಾಗಿಲು ತೆಗದೇ ಐತೆ. ಎದುರು ಮನಿಯಾರಿಗೂ ಕೇಳ್ಲಿ. ನನ್ನ ಕೈಯಾಗೆ ರೋಗ ಇರಲಿಲ್ಲ ಅಂದೋರು ಅವರೇ.”

ಕೂಗಿ ಹೇಳಿದೆ. ನಿಮ್ಮ ಸೊಸೆಯ ರಕ್ತಕ್ಕೆ ನಾನು ಐಸ್ ಇಟ್ಟು ಕೆಡಿಸಿದೆ, ಅವಳ ರೋಗ ನಿಜ, ನಾನು ಸುಳ್ಳು ಹೇಳಿದೆ ಎಂದು ಬೀದಿಗೆ ಕೇಳುವಂತೆ ಕೂಗಿದೆ. ಎದುರು ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಹೆಂಗಸು ಮೊರ ಹಿಡಿದುಕೊಂಡೇ ಎದ್ದು ನಿಂತದ್ದು ಕಾಣಿಸಿತು. ಕೂಗಿ ಅಭ್ಯಾಸವಿಲ್ಲದ ಗಂಟಲು ಒಡೆದು ಕೆಮ್ಮು ಬಂತು. ಹಾಲಮ್ಮ ನನ್ನನ್ನೇ ನೋಡುತ್ತಿದ್ದರು. ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಗೋಡೆಯ ಕಡೆ ಹೊರಳಿ ಮಲಗಿದರು.

ಮೇಡಂಗೆ ಹೇಳಿದಿರಾ ಎಂದು ರತ್ನಮ್ಮ ಕೇಳಿದರು. ಇಲ್ಲ ಎಂದೆ. ಈಗ ಹೇಳಿ ಎಂದರು. ಫೋನ್ ನನ್ನ ಹತ್ತಿರವೇ ಇತ್ತು, ನಂಬರ್ ಅಳಿಸಿರಲಿಲ್ಲ. ಮೇಡಂ ಎತ್ತಿದರು. ನನ್ನ ಹೆಸರು ಹೇಳಿದ ಕೂಡಲೇ, ಹೇಗಿದ್ದೀರಿ ತಿಪ್ಪೇಸ್ವಾಮಿ, ಆರೋಗ್ಯವೇ ಎಂದರು. ಅದೇ ಮೆತ್ತಗಿನ ದನಿ. ಹೇಳಿದೆ. ಮೇಡಂ ಒಂದೇ ಮಾತು ಕೇಳಿದರು.

“ಯಾವ ಯಾವ ಊರಿನವು?”

ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಇದ್ದದ್ದು ರತ್ನಮ್ಮ ಒಬ್ಬರೇ. ಉಳಿದವರ ಮುಖಗಳು ಆಗ ಬಂದವು. ಹೊನ್ನಾಳಿಯವು ಎಂದೆ. ಚನ್ನಗಿರಿಯವು ಎಂದೆ. ಜಗಳೂರಿನವೂ ಹೌದಾ ಎಂದರು. ಹೌದು ಮೇಡಂ, ಆ ಬೇಸಿಗೆಯವೆಲ್ಲ ಎಂದೆ. ಬೇಸಿಗೆಗೆ ಹಿಡಿತ ಕಡಿಮೆಯಾಗುತ್ತದೆ ಎಂದು ನಾನು ಲೇಖನವನ್ನೇ ಬರೆದಿದ್ದೆ ಎಂದರು ಮೇಡಂ, ನನಗೆ ಹೇಳಿದಂತಿರಲಿಲ್ಲ ಅದು. ಆಮೇಲೆ, ಈಗ ಬೇರೆ ಔಷಧಿಗಳು ಬಂದಿವೆ, ರತ್ನಮ್ಮನವರಿಗೆ ಯಾವುದು ಆದೀತು ನೋಡಬೇಕು, ರಕ್ತ ಮತ್ತೆ ಪರೀಕ್ಷೆ ಮಾಡಬೇಕು, ಆದರೆ ವಾಲಿದ ಬೆರಳು ನೆಟ್ಟಗಾಗುತ್ತದೆ ಎಂದು ಆಸೆ ಹುಟ್ಟಿಸಬೇಡಿ, ನೋವು ಕಡಿಮೆಯಾದೀತು ಎಂದಷ್ಟೇ ಹೇಳಿ ಎಂದರು. ನಾಳೆಯೇ ಬೇಕಾದರೆ ರಕ್ತ ತರುತ್ತೇನೆ ಮೇಡಂ ಎಂಬ ಮಾತು ಅಭ್ಯಾಸದಿಂದ ನನ್ನ ಬಾಯಿಗೆ ಬಂದುಬಿಟ್ಟಿತು.

“ಬೇಡ,” ಎಂದರು. “ನೀವು ತರೋದು ಬೇಡ.”

ರತ್ನಮ್ಮನಿಗೆ ಅದು ಕೇಳಿಸಿತ್ತು. “ನಾನೇ ಹೋಗ್ತೀನಿ ಬಿಡ್ರಿ,” ಎಂದರು. “ರಕ್ತ ನನ್ನ ಮೈಯಾಗೇ ಇದ್ರೆ ತಣ್ಣಗಾಗಾಕಿಲ್ಲ.”

ನಾನು ತಂಗಿಯ ಮನೆಯಲ್ಲಿ ಉಳಿದೆ. ಬೆಳಗ್ಗೆ ರತ್ನಮ್ಮ ದಾವಣಗೆರೆಗೆ ಹೊರಟು ಸ್ಟ್ಯಾಂಡಿಗೆ ಬಂದರು. ಮಂಜಪ್ಪ ಜೊತೆಗಿದ್ದ. ನನ್ನ ಮುಖ ನೋಡಲಿಲ್ಲ, ಅವನು ಚೀಲ ಹಿಡಿದು ಮೊದಲು ಹತ್ತಿ ಸೀಟು ಹಿಡಿಯಲು ಹೋದ. ಬಸ್ಸಿನ ಮೆಟ್ಟಿಲು ಎತ್ತರ. ನಾನು ಕೆಳಗಿನಿಂದ ಕೈ ಚಾಚಿದೆ. ರತ್ನಮ್ಮ ಅದನ್ನು ನೋಡಿದರು. ಆಮೇಲೆ ತಮ್ಮ ಮೊಣಕೈಯನ್ನು ಬಾಗಿಲಿನ ಕಂಬಿಗೆ ಸಿಕ್ಕಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಒಳಗೆ ಹೋದರು.

ಬಸ್ಸು ಹೋದ ಮೇಲೆ ನಾನು ಹೊನ್ನಾಳಿಯ ಬಸ್ಸಿಗೆ ಕಾದೆ. ಆ ಬೇಸಿಗೆ ನಾನು ಐಸ್ ಇಟ್ಟು ರಕ್ತ ತಂದಿದ್ದ ಇನ್ನೂ ಎರಡು ಮನೆಗಳು ಅಲ್ಲಿವೆ, ಒಬ್ಬರು ಬದುಕಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ.